ಪದ ಒಂದು ಕಿವಿಗೆ, ಚೆಂಡೆ ಇನ್ನೊಂದು ಕಿವಿಗೆ: ತಾಳಮದ್ದಳೆ ಧ್ವನಿಮುದ್ರಣದ ದಿನಚರಿ

ಜೂನ್ 8

ತುಳುನಾಡಿನ ಪತ್ತನಾಜೆ ಕಳೆಯಿತು, ಈ ಸಾಲಿನ ತಿರುಗಾಟ ಮುಗಿಸಿ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದವು. ಇನ್ನು ಮಳೆಗಾಲದ ತಾಳಮದ್ದಳೆಗಳ ಸರದಿ: ವೇಷ, ಕುಣಿತವಿಲ್ಲದೆ ಕೂತಲ್ಲೇ ಹಾಡು, ಮಾತುಗಳಲ್ಲಿ ನಡೆಯುವ ಯಕ್ಷಗಾನ. ನಮ್ಮೂರಿನ ಕೂಟಗಳನ್ನು ಇಷ್ಟು ವರ್ಷ ಮೊಬೈಲ್‌ನಲ್ಲೇ ಮುದ್ರಿಸಿಕೊಂಡೆ. ಯಾವುದನ್ನು ಕೇಳಿದರೂ ಚೆಂಡೆಯ ಅಬ್ಬರದಡಿ ಹಾಡುವ ಭಾಗವತರ ಸಾಹಿತ್ಯ ಮುಚ್ಚಿಹೋಗಿದೆ. ಒಳ್ಳೆಯ ಪದವೊಂದು, ಅಂದರೆ ಹಾಡೊಂದು, ಹೀಗೆ ಕಳೆದುಹೋಗುವುದು ನನಗೆ ನಿಜವಾಗಿಯೂ ಸಂಕಟ. ಈ ಸಲ ಸಭೆಯ ಮಿಕ್ಸರ್‌ನಿಂದಲೇ ಯುಎಸ್‌ಬಿ ಮೂಲಕ ಲ್ಯಾಪ್‌ಟಾಪ್‌ಗೆ ಧ್ವನಿ ತೆಗೆಯಬೇಕೆಂದು ಹೊರಟಿದ್ದೇನೆ. ಮೈಕ್‌ಗಳ ಧ್ವನಿಯನ್ನು ಬೆರೆಸುವ ಈ ಮಿಕ್ಸರ್ ಚಿಕ್ಕದು, ನಾಲ್ಕು ಮೈಕ್‌ಗೆ ಸಾಲುತ್ತದೆ.

ತಂತಿ ಚುಚ್ಚಿದ ಕೂಡಲೇ ಲ್ಯಾಪ್‌ಟಾಪ್ ಅದನ್ನು ಗುರುತಿಸಿತು. 2017ರಿಂದೀಚೆಗಿನ ವಿಂಡೋಸ್ 10ರಲ್ಲಿ ಯುಎಸ್‌ಬಿ ಆಡಿಯೊ 2.0ರ ಡ್ರೈವರ್ ಒಳಗೇ ಇರುತ್ತದೆ. ಮುದ್ರಣದ ತಂತ್ರಾಂಶ ಆಡಾಸಿಟಿಯಲ್ಲೂ ವಿಂಡೋಸ್‌ನಲ್ಲೂ ಸ್ಯಾಂಪಲ್ ದರವನ್ನು 48,000 ಹರ್ಟ್ಸ್‌ಗೆ ಇಟ್ಟೆ. ಮುದ್ರಿಸುತ್ತಲೇ ಕೇಳಹೋದಾಗ ಮಾತ್ರ ಪ್ರತಿಧ್ವನಿ ಸುರುವಾಯಿತು: ಕಂಪ್ಯೂಟರ್‌ನಿಂದ ಮರಳಿದ ಧ್ವನಿ ಮುಖ್ಯ ಔಟ್‌ಪುಟ್‌ಗೆ ಸೇರಿ, ಅಲ್ಲಿಂದ ಮತ್ತೆ ಕಂಪ್ಯೂಟರ್‌ಗೇ ಹೋಗುತ್ತಿತ್ತು. ಮರಳುವ ಧ್ವನಿಯನ್ನು ಹೆಡ್‌ಫೋನ್‌ಗಷ್ಟೇ ಕಳಿಸುವ ಸ್ವಿಚ್ ಒತ್ತಿದೆ, ನಿಂತಿತು.

ಜೂನ್ 15

ಇಡೀ ದಿನ ಒಂದು ಗುಂಯ್‌ಗುಡುವಿಕೆಯ ಹಿಂದೆ ಹೋಯಿತು. ಚಾರ್ಜರ್ ಕಿತ್ತರೆ ಸದ್ದಿಲ್ಲ, ಚುಚ್ಚಿದರೆ ಇದೆ. ಆಂಪ್ಲಿಫೈಯರ್‌ನ ಅರ್ಥಿಂಗ್ ಒಂದು ದಾರಿ, ಚಾರ್ಜರ್‌ನದು ಇನ್ನೊಂದು. ನಡುವಿನ ಯುಎಸ್‌ಬಿ ತಂತಿ ಎರಡನ್ನೂ ಬೆಸೆದು ಸುತ್ತು ಪೂರ್ಣವಾಗುತ್ತದೆ, ಸದ್ದು ಹುಟ್ಟುವುದು ಅಲ್ಲೇ. ಆ ಸುತ್ತನ್ನು ಕಡಿಯಲು ಅಗ್ಗದ ಯುಎಸ್‌ಬಿ ಐಸೊಲೇಟರ್ ಒಂದನ್ನು ತಂದು ನಡುವೆ ಸೇರಿಸಿದೆ. ಲ್ಯಾಪ್‌ಟಾಪ್‌ನಲ್ಲಿ ಮಿಕ್ಸರ್ ಕಾಣಿಸಿಕೊಳ್ಳಲೇ ಇಲ್ಲ. ಐಸೊಲೇಟರ್‌ನೊಳಗಿನ ಚಿಪ್ ಸೆಕೆಂಡಿಗೆ 12 ಮೆಗಾಬಿಟ್‌ನದು, ನನ್ನ ಮಿಕ್ಸರ್ ಕೇಳುವುದು 480ರ ಹೈ ಸ್ಪೀಡ್ ಸಂಪರ್ಕ. ಎರಡು ವಾಹಿನಿಯ 24 ಬಿಟ್ ಧ್ವನಿಗೆ 2.3 ಮೆಗಾಬಿಟ್ ಸಾಕು ಎಂಬ ನನ್ನ ಲೆಕ್ಕ ಸರಿಯೇ ಇತ್ತು, ಆದರೆ ಪ್ರಶ್ನೆ ಅದಾಗಿರಲಿಲ್ಲ. ಕೊನೆಗೆ ಆಂಪ್ಲಿಫೈಯರ್, ಮಿಕ್ಸರ್, ಚಾರ್ಜರ್ ಮೂರನ್ನೂ ಒಂದೇ ಎಕ್ಸ್‌ಟೆನ್ಶನ್ ಬೋರ್ಡಿಗೆ ಹಾಕಿದೆ. ಹೆಡ್‌ಫೋನ್‌ನಲ್ಲಿ ಕಿವಿಗೊಟ್ಟರೆ ಮಾತ್ರ ಕೇಳುವಷ್ಟು ಉಳಿದಿದೆ.

ಜೂನ್ 22

ಮುಖ್ಯ ಸಮಸ್ಯೆ ಇನ್ನೂ ಹಾಗೇ ಇತ್ತು. ನಾಲ್ಕು ಮೈಕ್ ಇದ್ದರೂ ಯುಎಸ್‌ಬಿಯಲ್ಲಿ ಹೋಗುವುದು ಎಡ–ಬಲ ಎರಡೇ, ಅದೂ ಬೆರೆತದ್ದು. ಬೆರೆತ ಮೇಲೆ ಚೆಂಡೆಯನ್ನು ತಗ್ಗಿಸುವ ಉಪಾಯವಿಲ್ಲ. ಬೆಹ್ರಿಂಗರ್ ಎಕ್ಸ್‌ಆರ್18ರಂಥ ಮಿಕ್ಸರ್ 18 ವಾಹಿನಿಗಳನ್ನು ಬೇರೆಬೇರೆಯಾಗಿ ಕಳಿಸುತ್ತದೆ; ನಮ್ಮ ಕೂಟದ ಕೈಗೆ ಸದ್ಯಕ್ಕೆ ಅದು ಎಟುಕದು.

ಇರುವ ಎರಡನ್ನೇ ಹಂಚಿಕೊಂಡೆ. ಭಾಗವತರ ಮತ್ತು ಪಾತ್ರಗಳ ಮಾತಾಡುವ ಇಬ್ಬರು ಅರ್ಥಧಾರಿಗಳ ಮೈಕ್‌ಗಳ ಪ್ಯಾನ್ ಗುಂಡಿಯನ್ನು (ಧ್ವನಿಯನ್ನು ಎಡಕ್ಕೋ ಬಲಕ್ಕೋ ಸರಿಸುವುದು) ಪೂರ್ತಿ ಎಡಕ್ಕೆ, ಚೆಂಡೆ–ಮದ್ದಳೆಗೆ ಇಟ್ಟ ಮೈಕ್‌ನದನ್ನು ಪೂರ್ತಿ ಬಲಕ್ಕೆ ತಿರುಗಿಸಿದೆ. ಆಗ ಸಭಾಂಗಣದ ಒಂದು ಸ್ಪೀಕರ್‌ನಲ್ಲಿ ಪದ, ಇನ್ನೊಂದರಲ್ಲಿ ಚೆಂಡೆ ಮಾತ್ರ ಎಂದಾಗಬಾರದಲ್ಲವೇ? ಆದ್ದರಿಂದ ಸ್ಪೀಕರ್‌ಗಳಿಗೆ ಮುಖ್ಯ ಔಟ್‌ಪುಟ್ ಬಿಟ್ಟು, ಮಿಕ್ಸರ್‌ನ ಇನ್ನೊಂದು ಪ್ರತ್ಯೇಕ ಔಟ್‌ಪುಟ್ ಆದ ಆಕ್ಸ್‌ನಿಂದ ಧ್ವನಿ ಕೊಟ್ಟೆ. ಪ್ಯಾನ್ ಆಕ್ಸ್‌ಗೆ ತಟ್ಟುವುದಿಲ್ಲ, ಜನರಿಗೆ ಎಲ್ಲವೂ ಸಮವಾಗಿ ಕೇಳಿತು. ಇನ್ನೊಂದು ಲಾಭವನ್ನು ನಾನು ಎಣಿಸಿರಲಿಲ್ಲ: ಹಿಂದೆ ಕೂತವರು ದನಿ ಏರಿಸಿ ಎಂದಾಗ ಆಂಪ್ಲಿಫೈಯರನ್ನಷ್ಟೇ ಮುಟ್ಟಿದೆ, ಮುದ್ರಣದ ಮಟ್ಟ ಅಲುಗಲಿಲ್ಲ. ಅರ್ಥಧಾರಿಗಳು ವೀರರಸಕ್ಕೆ ಏರಿದಾಗ ಒಡೆಯದಿರಲೆಂದು ಗರಿಷ್ಠ ಮಟ್ಟವನ್ನು ಮೈನಸ್ 12 ಡೆಸಿಬೆಲ್ ಆಸುಪಾಸಿಗೆ ಇಟ್ಟಿದ್ದೆ.

ರಾತ್ರಿ ಮನೆಗೆ ಬಂದು ಸ್ಟೀರಿಯೊ ಟ್ರ್ಯಾಕನ್ನು ಎರಡು ಮೋನೊಗಳಾಗಿ ಬಿಡಿಸಿ, ಬಲದ್ದನ್ನು 8 ಡೆಸಿಬೆಲ್ ಇಳಿಸಿದೆ. ಬಿರುಸಿನ ಏರುಪದದಲ್ಲೂ ಒಂದೊಂದು ಅಕ್ಷರ ಬಿಡಿಬಿಡಿಯಾಗಿ ಕೇಳಿತು. ಭಾಗವತರಿಗೆ ಫೋನ್ ಮಾಡಿ ಕೇಳಿಸಿದೆ. ಮದ್ದಳೆಯನ್ನು ಅಷ್ಟು ಇಳಿಸಬೇಡಿ, ನನಗೆ ಅದೇ ಆಧಾರ ಎಂದರು. ಒಂದೇ ಮೈಕ್ ಆದ್ದರಿಂದ ಚೆಂಡೆಯ ಜೊತೆಗೆ ಮದ್ದಳೆಯೂ ತಗ್ಗಿದೆ.

ಮುಂದಿನ ಕೂಟಕ್ಕೆ ಅರ್ಥಧಾರಿಗಳಿಬ್ಬರ ನಡುವೆ ಒಂದೇ ಮೈಕ್ ಇಟ್ಟು, ಉಳಿದದ್ದನ್ನು ಮದ್ದಳೆಗೆ ಕೊಡುತ್ತೇನೆ. ಅದರ ಪ್ಯಾನ್ ಎಡಕ್ಕೆ, ಪದದ ಜೊತೆಗೆ.