ನಮ್ಮ ಮನೆ ಮೆಟ್ಟಿಲು ಮತ್ತು ಪುರಸಭೆ ಮೀಟಿಂಗು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಊರಲ್ಲಿರುವ ನಮ್ಮ ಮನೆಯ ಮುಂದೆ ಮೂರು ಮೆಟ್ಟಿಲಿವೆ, ಅದರಲ್ಲಿ ಒಂದೂವರೆ ಮೆಟ್ಟಿಲು ಪುರಸಭೆಯ ಚರಂಡಿ ಮೇಲಿದೆ. ಅಪ್ಪ ಮನೆ ಕಟ್ಟಿಸಿದ ಕಾಲಕ್ಕೆ ಚರಂಡಿ ಅಂದರೆ ಮಣ್ಣಿನ ಕಾಲುವೆ, ಯಾರೂ ಕೇಳಲಿಲ್ಲ. ಈಗ ಕೇಳಿದರೆ ಅದು ಒತ್ತುವರಿಯೇ.

ಕೆಲವು ವರ್ಷದ ಹಿಂದೆ ಹಬ್ಬಕ್ಕೆ ಊರಿಗೆ ಹೋಗಿದ್ದಾಗ ಪುರಸಭೆಯ ಸಾಮಾನ್ಯ ಸಭೆ ನೋಡಲು ಹೋಗಿ ಕೂತಿದ್ದೆ. ಲೋಕಲ್ ಪೇಪರ್‌ಗೆ ಬರೆಯುವ ಗೆಳೆಯ ಕರೆದ, ನನಗೂ ಬೇರೆ ಕೆಲಸ ಇರಲಿಲ್ಲ. ಪತ್ರಕರ್ತರ ಸಾಲಿನ ಹಿಂದೆ ಒಂದು ಪ್ಲಾಸ್ಟಿಕ್ ಕುರ್ಚಿ ಸಿಕ್ಕಿತು. ಹನ್ನೊಂದಕ್ಕೆ ಅಂದಿದ್ದ ಸಭೆ ಶುರುವಾಗಿದ್ದು ಹನ್ನೆರಡಕ್ಕೆ. ಹಿಂದಿನ ಸಭೆಯ ನಡಾವಳಿ ಓದುತ್ತಿದ್ದ ಹಾಗೇ ಒಬ್ಬ ಸದಸ್ಯರು ಎದ್ದು, ‘ನಾನು ಹೇಳಿದ್ದು ಒಂದು, ನೀವು ಬರೆದುಕೊಂಡಿರೋದು ಇನ್ನೊಂದು’ ಅಂತ ಹಿಡಿದುಕೊಂಡರು. ಅರ್ಧ ಗಂಟೆ ಅದರಲ್ಲೇ ಹೋಯಿತು. ಜಮಾ-ಖರ್ಚು ಎರಡೇ ನಿಮಿಷದಲ್ಲಿ ಪಾಸಾಯಿತು. ದುಡ್ಡಿನ ವಿಷಯಕ್ಕೆ ಎಲ್ಲರೂ ತಲೆ ಆಡಿಸಿದರು, ನನಗೆ ಅದೇ ವಿಚಿತ್ರ ಅನ್ನಿಸಿದ್ದು.

ಆಮೇಲೆ ಬಂತು ಮುಖ್ಯರಸ್ತೆಯ ಒತ್ತುವರಿ ತೆರವು. ನಾನು ಕುರ್ಚಿಯಲ್ಲಿ ಸ್ವಲ್ಪ ಕೆಳಗೆ ಜಾರಿದೆ.

ಎಲ್ಲರೂ ತೆರವು ಮಾಡಲೇಬೇಕು ಅನ್ನುವವರೇ. ಎಲ್ಲಿಂದ ಶುರು ಅನ್ನುವಾಗ ಮಾತ್ರ ಒಬ್ಬೊಬ್ಬರದು ಒಂದೊಂದು ದಾರಿ. ಬಸ್‌ಸ್ಟ್ಯಾಂಡ್ ಕಡೆಯಿಂದ ಮಾಡಿ ಅಂತ ಸಂತೆ ಮೈದಾನದ ವಾರ್ಡಿನವರು, ಸಂತೆ ಮೈದಾನದಿಂದ ಮಾಡಿ ಅಂತ ಬಸ್‌ಸ್ಟ್ಯಾಂಡ್ ವಾರ್ಡಿನವರು. ಅಂಗಡಿಯವರು ಚರಂಡಿ ಮೇಲೆ ಚಪ್ಪಡಿ ಹಾಕಿ, ಮುಂದಕ್ಕೆ ಶೀಟ್ ಇಳಿಸಿ, ಅದರ ಮುಂದೆ ಸಾಮಾನು ಜೋಡಿಸಿದ್ದಾರೆ ಅಂತ ಒಬ್ಬರು ಅಂದರು. ಇನ್ನೊಬ್ಬರು, ‘ಮೊದಲು ತಳ್ಳುಗಾಡಿ ತೆಗೆಸಿ’ ಅಂದರು. ಅಲ್ಲಿಗೆ ಚರ್ಚೆ ಗಾಡಿಗಳ ಕಡೆ ತಿರುಗಿತು. ಯಾವಾಗಲೂ ತಿರುಗುವುದು ಅಲ್ಲಿಗೇ ಅಲ್ವಾ?

ಆಗ ಹಿಂದಿನ ಸಾಲಿನಲ್ಲಿ ಕೂತಿದ್ದ ಒಬ್ಬ ಸದಸ್ಯೆ, ಅಲ್ಲಿಯವರೆಗೆ ಬಾಯೇ ಬಿಟ್ಟಿರಲಿಲ್ಲ, ಎದ್ದು ನಿಂತು, ‘ಸರ್ವೆ ಆಗಿದೆಯಾ?’ ಅಂತ ಕೇಳಿದರು. ಅಷ್ಟೇ. ಬೀದಿ ವ್ಯಾಪಾರಿಗಳ 2014ರ ಕಾಯ್ದೆ ಪ್ರಕಾರ ಸಮೀಕ್ಷೆ ಮುಗಿದು ಎಲ್ಲರಿಗೂ ಪ್ರಮಾಣಪತ್ರ ಕೊಡುವ ತನಕ ಯಾರನ್ನೂ ಎಬ್ಬಿಸುವಂತಿಲ್ಲ. ಪಟ್ಟಣ ವ್ಯಾಪಾರ ಸಮಿತಿ ಇರಬೇಕು, ಅದರಲ್ಲಿ ಕನಿಷ್ಠ ಶೇಕಡಾ 40 ಜನ ವ್ಯಾಪಾರಿಗಳೇ ಆರಿಸಿದ ಪ್ರತಿನಿಧಿಗಳಾಗಿರಬೇಕು. ಮುಖ್ಯಾಧಿಕಾರಿ ಫೈಲ್ ತಿರುವಿದರು, ಪಕ್ಕದವರ ಕಿವಿಯಲ್ಲಿ ಏನೋ ಕೇಳಿದರು, ‘ಪ್ರಕ್ರಿಯೆಯಲ್ಲಿದೆ ಮೇಡಂ’ ಅಂದರು. ಪ್ರೆಸ್ ಸಾಲಿನಲ್ಲಿ ನಗು. ಆ ದಿನ ಗಾಡಿಗಳು ಉಳಿದುಕೊಂಡವು. ನಮ್ಮ ಮೆಟ್ಟಿಲೂ.

ಗಾಡಿ ಎತ್ತಲು ಒಂದು ಟ್ರ್ಯಾಕ್ಟರ್, ನಾಲ್ಕು ಜನ ಸಾಕು. ಕಟ್ಟಡ ಹಾಗಲ್ಲ. ಮಹಾನಗರ ಪಾಲಿಕೆಗಳ 1976ರ ಕಾಯ್ದೆಯ ಸೆಕ್ಷನ್ 321 ತೆಗೆದು ನೋಡಿ. ಮೊದಲು ತಾತ್ಕಾಲಿಕ ಆದೇಶ, ಅದರ ಜೊತೆ ಕಾರಣ ಕೇಳುವ ನೋಟಿಸ್, ಉತ್ತರ ಬಂದ ಮೇಲೆ ಅಂತಿಮ ಆದೇಶ, ಅದರ ಮೇಲೆ ಅಪೀಲು, ಅಪೀಲಲ್ಲಿ ತಡೆಯಾಜ್ಞೆ. ಮನೆ ಒಡೆಯುವ ವಿಷಯ, ಇಷ್ಟು ಹಂತ ಇರಬೇಕು, ಅದು ಸರಿಯೇ. ಆದರೆ ದುಡ್ಡಿರುವವನಿಗೆ ಪ್ರತಿ ಹಂತವೂ ಒಂದು ವರ್ಷ, ಅಷ್ಟರಲ್ಲಿ ಇನ್ನೊಂದು ಮಹಡಿ. ಸೆಟ್‌ಬ್ಯಾಕ್, ಅಂದರೆ ಕಟ್ಟಡದ ಸುತ್ತ ಖಾಲಿ ಬಿಡಬೇಕಾದ ಜಾಗ, ಬಿಡದೆ ಕಟ್ಟಿದ್ದನ್ನು ದಂಡ ಕಟ್ಟಿಸಿಕೊಂಡು ಸಕ್ರಮ ಮಾಡುವ ಅಕ್ರಮ-ಸಕ್ರಮ ಯೋಜನೆಗೆ 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ಆದರೂ ಮುಂದೆ ಎಂದಾದರೂ ಸಕ್ರಮ ಆಗುತ್ತೆ ಅನ್ನುವ ನಂಬಿಕೆಯ ಮೇಲೆ ಜನ ಕಟ್ಟುವುದೇನೂ ನಿಲ್ಲಲಿಲ್ಲ.

ನಾನಿರುವುದು ಬೆಂಗಳೂರಿನಲ್ಲಿ. ಇಲ್ಲಿ ಕೊನೆಗೆ ಬಿಬಿಎಂಪಿ ಚುನಾವಣೆ ಆಗಿದ್ದು 2015ರಲ್ಲಿ. ಆ 198 ವಾರ್ಡುಗಳ ಸದಸ್ಯರ ಅವಧಿ 2020ರ ಸೆಪ್ಟೆಂಬರ್‌ಗೆ ಮುಗಿಯಿತು, ಆಮೇಲೆ ಐದು ವರ್ಷ ದಾಟಿದರೂ ಸರ್ಕಾರ ನೇಮಿಸಿದ ಆಡಳಿತಾಧಿಕಾರಿಗಳೇ ಇದ್ದರು. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆ ಬಂದಾಗಲೂ ಒಬ್ಬನೇ ಒಬ್ಬ ಚುನಾಯಿತ ಕಾರ್ಪೊರೇಟರ್ ಇರಲಿಲ್ಲ. ಇದರ ಮಧ್ಯೆ 2024ರ ಅಕ್ಟೋಬರ್ ಮಳೆಯಲ್ಲಿ ಬಾಬುಸಾಪಾಳ್ಯದಲ್ಲಿ, ಅನುಮತಿಗಿಂತ ಜಾಸ್ತಿ ಮಹಡಿ ಏರಿಸುತ್ತಿದ್ದ ಕಟ್ಟಡ ಕುಸಿದು ಅಲ್ಲಿ ಕೆಲಸ ಮಾಡುತ್ತಿದ್ದವರು ಸತ್ತರು. ಟಿವಿಯಲ್ಲಿ ಬಿಸಿಬಿಸಿ ಚರ್ಚೆ ಆಯಿತು. ಕೌನ್ಸಿಲ್‌ನಲ್ಲಿ ಆಗಲಿಲ್ಲ, ಕೌನ್ಸಿಲ್ಲೇ ಇರಲಿಲ್ಲವಲ್ಲ.

ಕಾರ್ಪೊರೇಟರ್‌ಗಳಿದ್ದಾಗ ಏನು ಮಹಾ ಆಗಿತ್ತು ಅಂತ ನನ್ನ ಪಕ್ಕದ ಮನೆಯವರು ಕೇಳುತ್ತಾರೆ. ನನ್ನ ಹತ್ತಿರ ಒಳ್ಳೆ ಉತ್ತರ ಇಲ್ಲ. ಕಂಟ್ರಾಕ್ಟು, ಕಮಿಷನ್ನು ಎಲ್ಲಾ ಇತ್ತು, ಸುಮ್ನೆ ಹೊಗಳಲು ನನಗೆ ಆಗುವುದಿಲ್ಲ. ಆದರೆ ನನಗೆ ಆ ಸದಸ್ಯೆ ನೆನಪಾಗುತ್ತಾರೆ. ‘ಸರ್ವೆ ಆಗಿದೆಯಾ?’ ಅಂತ ಅವರು ಕೇಳಿದಾಗ ಮುಖ್ಯಾಧಿಕಾರಿ ಅಲ್ಲೇ, ಎಲ್ಲರ ಎದುರೇ, ಏನಾದರೊಂದು ಹೇಳಬೇಕಾಯಿತು. ಆ ಮಾತು ನಡಾವಳಿಯಲ್ಲಿ ದಾಖಲಾಯಿತು. ಮುಂದಿನ ಸಭೆಯಲ್ಲಿ ಅದನ್ನೇ ಹಿಡಿದು ಮತ್ತೆ ಜಗಳ ಆಡಬಹುದು.

ಊರಿನ ಆ ಸಭೆ ಆದ ಮುಂದಿನ ತಿಂಗಳು ಅಪ್ಪನಿಗೆ ಫೋನ್ ಮಾಡಿ ಒತ್ತುವರಿ ವಿಷಯ ಏನಾಯಿತು ಅಂತ ಕೇಳಿದೆ. ಸಾಕಷ್ಟು ಸದಸ್ಯರು ಬರದೆ, ಕೋರಂ ಇಲ್ಲ ಅಂತ ಸಭೆ ಮುಂದಕ್ಕೆ ಹಾಕಿದರಂತೆ. ‘ಅಪ್ಪಾ, ಆ ಕೆಳಗಿನ ಮೆಟ್ಟಿಲು ನಾವೇ ತೆಗೆಸಿಬಿಡೋಣ’ ಅಂದೆ. ‘ಹೂಂ, ನೋಡೋಣ’ ಅಂದು, ಅಮ್ಮನಿಗೆ ಫೋನ್ ಕೊಟ್ಟರು.