ಸತೀಶನ ವಕೀಲರು

ಸೋಮವಾರ, 14 ಜುಲೈ 2025
ರಾತ್ರಿ 11.30

ನಿನ್ನೆ ರಾತ್ರಿಯಿಂದ ಇವರ ಜೊತೆ ಸರಿಯಾಗಿ ಮಾತಾಡಿಲ್ಲ. ಕಾರಣ ಕೇಳಿದರೆ ನಗ್ತೀರಿ. ಸತೀಶ.

ಸತೀಶ ಅಂದರೆ ನೆಂಟನಲ್ಲ, ಪಕ್ಕದ ಮನೆಯವನೂ ಅಲ್ಲ. ‘ಶರಪಂಜರ’ದ ಕಾವೇರಿಯ ಗಂಡ. 1971ರ ಸಿನಿಮಾದಲ್ಲಿನ ಒಬ್ಬ ಗಂಡನ ಸಲುವಾಗಿ ನಮ್ಮ ಮನೆಯಲ್ಲಿ ಇಡೀ ದಿನ ಮುನಿಸು.

ಮೊದಲಿಂದ ಹೇಳ್ತೀನಿ. ಹೋದ ತಿಂಗಳಿಂದ ಭಾನುವಾರ ರಾತ್ರಿ ಇಬ್ಬರೂ ಕೂತು ಒಂದು ಸಿನಿಮಾ ನೋಡುವುದು ಅಂತ ಮಾಡಿಕೊಂಡಿದ್ದೇವೆ. ಒಂದು ವಾರ ಇವರ ಆಯ್ಕೆ, ಒಂದು ವಾರ ನನ್ನದು. ಫೋನು ಬೇರೆ ಕೋಣೆಯಲ್ಲಿ. ನಿದ್ದೆ ಹೋದವರಿಗೆ ಅಭಿಪ್ರಾಯ ಹೇಳುವ ಹಕ್ಕಿಲ್ಲ, ಮುಂದಿನ ಸರದಿಯೂ ಇಲ್ಲ. ಈ ನಿಯಮ ಮಾಡಿದ್ದು ಇವರೇ. ಮೊದಲು ಗೊರಕೆ ಹೊಡೆದದ್ದೂ ಇವರೇ.

ಶುರು ಮಾಡಿದ್ದು ಇವರು ಆರಿಸಿದ ‘12 ಆಂಗ್ರಿ ಮೆನ್’ನಿಂದ. 1957ರದ್ದು, ಕಪ್ಪು ಬಿಳುಪು. ಒಂದು ಕೋಣೆ, ಕೊಲೆ ಆರೋಪ ಹೊತ್ತ ಹುಡುಗನೊಬ್ಬನ ತೀರ್ಪು ಹೇಳಬೇಕಾದ ಹನ್ನೆರಡು ಗಂಡಸರು, ಹೆಚ್ಚುಕಮ್ಮಿ ಒಂದೂವರೆ ಗಂಟೆ ಬರೀ ಮಾತು. ನಾನು ಹತ್ತು ನಿಮಿಷ ನೋಡಿ ಎದ್ದು ಹೋಗೋಣ ಅಂತ ಕೂತವಳು, ಕಾಲು ಜೋಮು ಹಿಡಿದರೂ ಏಳಲಿಲ್ಲ. ಹನ್ನೊಂದು ಜನ ಹುಡುಗ ಅಪರಾಧಿ ಅಂತ ಕೈ ಎತ್ತುತ್ತಾರೆ. ಒಬ್ಬ ಮಾತ್ರ ಎತ್ತಲ್ಲ. ಅವನೇನು ಹುಡುಗ ನಿರಪರಾಧಿ ಅಂತ ಹಟ ಹಿಡಿಯುವುದಿಲ್ಲ. ಸ್ವಲ್ಪ ಮಾತಾಡೋಣ ಅಂತಾನೆ, ಅಷ್ಟೇ. ನನಗೆ ಹಿಡಿಸಿದ್ದು ಅದು.

ಆಮೇಲೆ ಎಲ್ಲೋ ಓದಿದೆ. ನಿರ್ದೇಶಕ ಸಿಡ್ನಿ ಲುಮೆಟ್ ಶುರುವಿನಲ್ಲಿ ಕ್ಯಾಮೆರಾವನ್ನು ಕಣ್ಣಿನ ಮಟ್ಟಕ್ಕಿಂತ ಮೇಲಿಟ್ಟು, ವೈಡ್ ಲೆನ್ಸಿನಲ್ಲಿ ತೆಗೆದರಂತೆ. ಬರಬರುತ್ತಾ ಲೆನ್ಸು ಬದಲಾಗಿ, ಕ್ಯಾಮೆರಾ ಕೆಳಗಿಳಿದು, ಕೊನೆ ಹೊತ್ತಿಗೆ ಚಾವಣಿಯೂ ಕಾಣುತ್ತದೆ. ಗೋಡೆಗಳು ಹತ್ತಿರ ಬಂದ ಹಾಗೆ, ಉಸಿರು ಕಟ್ಟಿದ ಹಾಗೆ. ನೋಡುವಾಗ ನನಗೆ ಸೆಕೆ ಆಗಿದ್ದು ಸುಮ್ನೆ ಅಲ್ಲ ಅಂತಾಯ್ತು.

ಇವರು ಗಮನಿಸಿದ್ದು ಏನು ಗೊತ್ತಾ? ಫ್ಯಾನು. ಆ ಕೋಣೆಯ ಫ್ಯಾನು ಮೊದಲು ತಿರುಗುವುದಿಲ್ಲ, ಎಲ್ಲರೂ ಬೆವರುತ್ತಾ ಕೂತಿರುತ್ತಾರೆ. ಕತ್ತಲಾಗಿ ಲೈಟ್ ಹಾಕಿದ ಮೇಲೆ ತಿರುಗುತ್ತದೆ. "ನೋಡಿದ್ಯಾ, ಲೈಟಿನ ಸ್ವಿಚ್ಚಿಗೇ ಫ್ಯಾನ್ ಕನೆಕ್ಷನ್ನೂ ಕೊಟ್ಟಿದಾರೆ!" ಅಂತ ಒಂದು ಜೀವ ಉಳಿಯಿತು ಅನ್ನುವಷ್ಟು ಖುಷಿ. ರಿಮೋಟ್ ಕಿತ್ತುಕೊಂಡು ಹಿಂದೆ ಓಡಿಸಿ ಇನ್ನೊಂದು ಸಲ ತೋರಿಸಿದರು.

ಮುಂದಿನ ವಾರ ನನ್ನ ಆಯ್ಕೆ, ಹಿಚ್‌ಕಾಕ್‌ನ ‘ರಿಯರ್ ವಿಂಡೋ’. ಕಾಲು ಮುರಿದುಕೊಂಡ ಫೋಟೋಗ್ರಾಫರ್ ಕಿಟಕಿಯಲ್ಲಿ ಕೂತು ಎದುರು ಮನೆಗಳನ್ನು ಇಣುಕುವ ಕಥೆ. ಇವರು ಅರ್ಧಕ್ಕೇ ಮಲಗಿಬಿಟ್ಟರು. ಕೊಲೆಗಾರ ಸೀದಾ ಕ್ಯಾಮೆರಾ ಕಡೆ, ಅಂದರೆ ನನ್ನ ಕಡೆ, ತಿರುಗಿ ನೋಡಿದಾಗ ನಾನು ಇವರ ತೋಳು ಹಿಡಿದೆ. ಊಹೂಂ, ಎಚ್ಚರ ಇಲ್ಲ. ಅದಕ್ಕಿಂತ ಮಜಾ ಕೊನೆಯ ದೃಶ್ಯ. ಅವನು ಎರಡೂ ಕಾಲಿಗೆ ಪಟ್ಟಿ ಹಾಕಿಸಿಕೊಂಡು ನಿದ್ದೆ ಮಾಡ್ತಿದ್ದಾನೆ. ನಾಯಕಿ ಗ್ರೇಸ್ ಕೆಲ್ಲಿ ಪಕ್ಕದಲ್ಲಿ ಒರಗಿಕೊಂಡು, ಅವನಿಗೆ ಇಷ್ಟವಾಗಲಿ ಅಂತ ಹಿಮಾಲಯದ ಬಗ್ಗೆ ಪುಸ್ತಕ ಓದುತ್ತಿದ್ದಾಳೆ. ಅವನು ಮಲಗಿದ್ದಾನೆ ಅಂತ ಖಾತ್ರಿ ಆದ ಕೂಡಲೇ ಅದನ್ನು ಪಕ್ಕಕ್ಕಿಟ್ಟು ತನ್ನ ಫ್ಯಾಷನ್ ಮ್ಯಾಗಜೀನ್ ತೆಗೆಯುತ್ತಾಳೆ. ನಾನು ಪಕ್ಕಕ್ಕೆ ನೋಡಿದೆ. ಬಾಯಿ ತೆರೆದುಕೊಂಡು ಮಲಗಿದ್ದ ನನ್ನ ಫೋಟೋಗ್ರಾಫರ್. ಒಬ್ಬಳೇ ಎಷ್ಟು ನಕ್ಕೆ ಅಂದರೆ ಇವರಿಗೆ ಎಚ್ಚರವಾಗಿ, "ಕಾಮಿಡಿನಾ ಇದು?" ಅಂದರು.

ಹೀಗೆ ಸರದಿ ಕಳಕೊಂಡರು. ಅದಕ್ಕೇ ನಿನ್ನೆಯೂ ನನ್ನ ಆಯ್ಕೆ, ‘ಶರಪಂಜರ’. ಚಿಕ್ಕಂದಿನಲ್ಲಿ ನೋಡಿದ್ದು. ಆಗ ನೆನಪಿದ್ದದ್ದು ಕಲ್ಪನಾ ಮತ್ತು ಹಾಡುಗಳು.

ಇದು ತ್ರಿವೇಣಿಯವರ ಕಾದಂಬರಿ ಅಂತ ಎಲ್ಲರಿಗೂ ಗೊತ್ತು. ಅವರು ಮನಶ್ಶಾಸ್ತ್ರ ಓದಿದವರು. 1963ರಲ್ಲಿ, ಹೆರಿಗೆಯಾದ ಕೆಲವೇ ದಿನಗಳಲ್ಲಿ ತೀರಿಕೊಂಡರು. ಬಾಣಂತಿಯೊಬ್ಬಳ ಮನಸ್ಸು ಕೆಡುವ ಕಥೆ ಬರೆದವರು ಬಾಣಂತಿಯಾಗಿಯೇ ಹೋದರು. ಪುಟ್ಟಣ್ಣ ಕಣಗಾಲ್ ಅದನ್ನು ತೆರೆಗೆ ತಂದಾಗ ನೋಡಲು ಅವರಿರಲಿಲ್ಲ. ನಿನ್ನೆ ಹೆಸರುಗಳು ಬರುವಾಗ ಇದೇ ತಲೆಯಲ್ಲಿತ್ತು. ಅದಕ್ಕೋ ಏನೋ, ಮುಗಿಯುವ ಹೊತ್ತಿಗೆ ನನಗೆ ಅಳು ಜಾಸ್ತಿಯೇ ಬಂತು. ಸೆರಗಿನಲ್ಲಿ ಮೂಗು ಒರೆಸಿಕೊಳ್ಳುತ್ತಾ ಕೂತಿದ್ದೆ. ಇವರು ರಿಮೋಟ್ ಕೆಳಗಿಟ್ಟು, "ಪಾಪ, ಅವನದ್ದೂ ಕಷ್ಟ ಅಲ್ವಾ" ಅಂದರು.

"ಯಾರದ್ದು?"

"ಸತೀಶಂದು."

ನಾನು ಸೆರಗು ಕೆಳಗೆ ಬಿಟ್ಟೆ. "ಹೆಂಡತಿ ಆಸ್ಪತ್ರೆಯಿಂದ ಹುಷಾರಾಗಿ ಮನೆಗೆ ಬಂದಿದಾಳೆ. ಇವನು ಇನ್ನೊಬ್ಬಳ ಜೊತೆ ಸಂಬಂಧ ಇಟ್ಕೊಂಡಿದಾನೆ. ಇವನಿಗೆ ಪಾಪನಾ?"

"ಅದು ತಪ್ಪೇ ಕಣೇ, ನಾನೆಲ್ಲಿ ಇಲ್ಲ ಅಂದೆ? ಅದನ್ನ ಬಿಟ್ಟು ಹೇಳ್ತಿದೀನಿ. ಅವಳು ಸ್ವಲ್ಪ ಜೋರಾಗಿ ನಕ್ಕರೂ ಇವನ ಎದೆ ಧಸಕ್ ಅನ್ನುತ್ತೆ. ಸುಮ್ನೆ ಕೂತರೂ ಧಸಕ್ ಅನ್ನುತ್ತೆ. ಅದನ್ನ ಅವನು ಯಾರ ಹತ್ರ ಹೇಳ್ಕೋಬೇಕು?"

"ಅವಳ ಹತ್ರಾನೇ ಹೇಳ್ಬೇಕಿತ್ತು."

"ಅಷ್ಟು ಸುಲಭ ಅಲ್ಲ ಅದು."

ಆಮೇಲೆ ಇನ್ನೊಂದು ಮಾತು ಸೇರಿಸಿದರು. ಆ ಇನ್ನೊಬ್ಬ ಹೆಂಗಸನ್ನು ತಂದದ್ದರಿಂದ ಕಥೆ ಸಲೀಸಾಗಿಬಿಟ್ಟಿತಂತೆ. ಗಂಡ ಕೆಟ್ಟವನು, ಮುಗೀತು. "ಅವನು ಒಳ್ಳೆಯವನೇ ಆಗಿದ್ದು, ಬರೀ ಹೆದರ್ಕೊಂಡಿದ್ದಿದ್ರೆ? ಆಗೇನು ಅಂತಿದ್ದೆ?"

"ವಕೀಲರ ಫೀಸೆಷ್ಟು?" ಅಂತ ಕೇಳಿ ಎದ್ದು ಹೋದೆ. ಹನ್ನೊಂದು ಜನ ಒಂದು ಕಡೆ, ಇವರೊಬ್ಬರೇ ಇನ್ನೊಂದು ಕಡೆ. ಅದೂ ಇಂಥ ಕೇಸಿಗೆ!

ಇವತ್ತು ಇವರು ಆಫೀಸಿನಿಂದ ಎರಡು ಸಲ ಫೋನ್ ಮಾಡಿದರು. ಹೂಂ, ಊಹೂಂ ಅಂದೆ.

ಮಧ್ಯಾಹ್ನ ಬಟ್ಟೆ ಮಡಚುತ್ತಾ ಕೂತಾಗ ಯೋಚಿಸಿದೆ. ಇವರು ಹೇಳಿದ್ದರಲ್ಲಿ ಅರ್ಧ ಸರಿ ಇರಬಹುದು. ಆದರೆ ಇನ್ನರ್ಧ ನಾನು ಒಪ್ಪಲ್ಲ. ಗಂಡನ ಮೋಸ ಇಲ್ಲದೇ ಕಾವೇರಿ ಕೊನೆಯಲ್ಲಿ ಹಾಗಾಗಿದ್ದರೆ, ನೋಡಿದವರೆಲ್ಲ "ಕಾಯಿಲೆ ವಾಪಸ್ ಬಂತು, ಪಾಪ" ಅಂದು ಮನೆಗೆ ಹೋಗ್ತಿದ್ದರು. ಹುಷಾರಾದವಳನ್ನು ಮನೆಯವರೇ ಮತ್ತೆ ಅಲ್ಲಿಗೆ ತಳ್ಳಿದರು ಅಂತ ತೋರಿಸಬೇಕಾದರೆ ಆ ಮೋಸ ಬೇಕೇ ಬೇಕಿತ್ತು. ಅವಳ ಕಾಯಿಲೆ ಬೇರೆ, ಅವಳ ಸಂಕಟ ಬೇರೆ. ಕೋಪ ಬಂದರೂ ಹುಚ್ಚು, ಅತ್ತರೂ ಹುಚ್ಚು ಅಂದರೆ ಆ ಹೆಂಗಸು ಯಾವ ಮುಖ ಇಟ್ಟುಕೊಂಡು ಓಡಾಡಬೇಕು?

ಮುಖ ಅಂದಾಗ ನೆನಪಾಯಿತು.

ಚಿಕ್ಕವನು ಹುಟ್ಟಿದಾಗ ನಾನೂ ತುಂಬಾ ಅಳುತ್ತಿದ್ದೆ. ಕಾರಣ ಇರಲಿಲ್ಲ. ಹೆರಿಗೆ ಆದಮೇಲೆ ಬರುವ ಅಳು ಸಾಮಾನ್ಯವಾಗಿ ಎರಡು ವಾರದಲ್ಲಿ ತಾನಾಗೇ ಹೋಗುತ್ತದಂತೆ. ನನ್ನದು ಹೋಗಲಿಲ್ಲ, ಮೂರು ತಿಂಗಳು ಎಳೆಯಿತು. ಆಮೇಲೆ ಡಾಕ್ಟರು, ಮಾತ್ರೆ, ಎಲ್ಲ ಆಗಿ ಸರಿಹೋಯಿತು. ಕಾವೇರಿಗೆ ಬಂದಷ್ಟು ಜೋರು ಬರುವುದು ಸಾವಿರ ಬಾಣಂತಿಯರಲ್ಲಿ ಒಬ್ಬಿಬ್ಬರಿಗೆ ಮಾತ್ರ, ನನ್ನದು ಅಂಥದ್ದಲ್ಲ. ಆದರೆ ಸರಿಹೋದ ಮೇಲೂ ಇವರು ಬಹಳ ದಿನ ಒಂದು ಥರ ನೋಡುತ್ತಿದ್ದರು. ಬಾಗಿಲು ತೆರೆದ ಕೂಡಲೇ ಚಪ್ಪಲಿ ಬಿಡುವ ಮೊದಲೇ ನನ್ನ ಮುಖ. ಗ್ಯಾಸ್ ಆರಿಸಿದೀನಾ ಅಂತ ನೋಡ್ತೀವಲ್ಲ, ಆ ಥರ. ನನಗೆ ಅದನ್ನು ಕಂಡರೆ ಆಗುತ್ತಿರಲಿಲ್ಲ. ಬೇಕೆಂದೇ ನಗುತ್ತಾ ಬಾಗಿಲು ತೆಗೆಯುತ್ತಿದ್ದೆ. ಈ ಇಪ್ಪತ್ತೆರಡು ವರ್ಷದಲ್ಲಿ ಒಂದು ದಿನವೂ ಈ ಮಾತು ನಮ್ಮಿಬ್ಬರ ಮಧ್ಯೆ ಬಂದಿಲ್ಲ.

ರಾತ್ರಿ ದೀಪ ಆರಿಸಿದ ಮೇಲೆ ಕೇಳಿಯೇ ಬಿಟ್ಟೆ. ಕತ್ತಲಲ್ಲಿ ಕೇಳುವುದು ಸುಲಭ.

"ರೀ, ಚಿಕ್ಕವನು ಹುಟ್ಟಿದಾಗ ಮನೆಗೆ ಬಂದ ಕೂಡಲೇ ನನ್ನ ಮುಖ ನೋಡ್ತಿದ್ರಲ್ಲ. ನೆನಪಿದೆಯಾ?"

ಬಹಳ ಹೊತ್ತು ಸುಮ್ಮನಿದ್ದರು. ಮಲಗಿದರೇನೋ ಅಂದುಕೊಂಡೆ.

"ನಿನಗೆ ಗೊತ್ತಾಗ್ತಿತ್ತಾ?"

"ಗೊತ್ತಾಗದೇ ಇರುತ್ತಾ?"

"ಭಯ ಆಗ್ತಿತ್ತು ಕಣೇ. ನೀನು ಅಳ್ತಿದ್ದಾಗ ಅಷ್ಟಿರಲಿಲ್ಲ. ಅಳೋದು ನಿಲ್ಲಿಸಿದ ಮೇಲೆ ಜಾಸ್ತಿ ಆಯ್ತು."

ನಾನು ಏನೂ ಹೇಳಲಿಲ್ಲ. ಏನು ಹೇಳಬೇಕು ಅಂತ ಹುಡುಕುವಷ್ಟರಲ್ಲಿ, "ಫ್ಯಾನ್ ಒಂದು ಪಾಯಿಂಟ್ ಕಡಿಮೆ ಮಾಡ್ಲಾ?" ಅಂದರು. ಎದ್ದು ಕಡಿಮೆ ಮಾಡಿದರು. ಐದು ನಿಮಿಷಕ್ಕೆ ಗೊರಕೆ.

ಇಲ್ಲಿ ಹಾಲ್‌ನಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ಟಿವಿಯಲ್ಲಿ ಇನ್ನೊಂದು ಸಿನಿಮಾ ಅರ್ಧಕ್ಕೆ ನಿಂತಿದೆ, ಜಪಾನಿನ ನಿರ್ದೇಶಕ ಓಜು ಅವರ 1953ರ ‘ಟೋಕಿಯೋ ಸ್ಟೋರಿ’. ಮುನಿಸು ಮುರಿಯಲಿ ಅಂತ ಇವರೇ ಸಂಜೆ ಹಾಕಿದ್ದು. ಸೋಮವಾರ ಸಿನಿಮಾ ಇಲ್ಲ, ಸರದಿಯೂ ಇವರದ್ದಲ್ಲ, ಆದರೂ ಸುಮ್ಮನಿದ್ದೆ. ಇಪ್ಪತ್ತು ನಿಮಿಷಕ್ಕೆ "ಇದರಲ್ಲಿ ಏನೂ ಆಗ್ತಾನೇ ಇಲ್ಲವಲ್ಲ" ಅಂದರು. ಮುದುಕ ಮುದುಕಿ ಮಕ್ಕಳನ್ನು ನೋಡಲು ಬಂದಿದ್ದಾರೆ, ಮಕ್ಕಳಿಗೆ ಪುರುಸೊತ್ತಿಲ್ಲ. ಇಬ್ಬರನ್ನೂ ಎಲ್ಲೋ ಸಮುದ್ರದ ಹತ್ತಿರ ಕಳಿಸಿಬಿಟ್ಟಿದ್ದಾರೆ, ಅಲ್ಲಿ ಗಲಾಟೆಗೆ ರಾತ್ರಿಯೆಲ್ಲ ನಿದ್ದೆ ಇಲ್ಲ. ಬೆಳಿಗ್ಗೆ ಗಂಡ ಹೆಂಡತಿ ಸಮುದ್ರದ ಕಟ್ಟೆ ಮೇಲೆ ಅಕ್ಕಪಕ್ಕ ಕೂತಿದ್ದಾರೆ. ಅಲ್ಲಿಗೆ ನಿಲ್ಲಿಸಿದ್ದೇವೆ. ಎರಡು ಸಣ್ಣ ಬೆನ್ನುಗಳು.

ನಾನೊಬ್ಬಳೇ ಮುಂದೆ ನೋಡಿಬಿಡಲಾ ಅಂತ ಆಸೆ. ನೋಡಿದರೆ ನಾಳೆ ಏನೂ ಗೊತ್ತಿಲ್ಲದವಳ ಹಾಗೆ ಕೂರಬೇಕು. ಅದು ನನಗೆ ಬರುತ್ತದೆ ಬಿಡಿ, ಬಹಳ ದಿನ ಬೇಕೆಂದೇ ನಗುತ್ತಾ ಬಾಗಿಲು ತೆಗೆದವಳು.

ಆದರೂ ಸತೀಶನಿಗೆ ಮಾಫಿ ಇಲ್ಲ. ಭಯ ಇದ್ದರೆ ಒಂದೇ ಒಂದು ಸಲ ಕಾವೇರಿಯ ಪಕ್ಕ ಕೂತು, ಕತ್ತಲಲ್ಲಾದರೂ ಸರಿ,