ಹೆಂಚಿನ ಸಂದಿನ ಬಿಸಿಲು

ಕಳೆದ ಆಗಸ್ಟ್ ತಿಂಗಳ ಒಂದು ಭಾನುವಾರ ನಮ್ಮ ಪ್ರೌಢಶಾಲೆಯ ಸಭಾಂಗಣದಲ್ಲಿ ಲೆಕ್ಕದ ಮೇಷ್ಟ್ರಿಗೆ ಶ್ರದ್ಧಾಂಜಲಿ ಸಭೆ ನಡೆಯಿತು. 1980ರ ಎಸ್ಸೆಸ್ಸೆಲ್ಸಿ ತಂಡದ ಪರವಾಗಿ ಮಾತನಾಡಲು ನನ್ನನ್ನು ಕರೆದಿದ್ದರು. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿಕೊಟ್ಟವನಾದ್ದರಿಂದ ಮೈಕಿನ ಮುಂದೆ ನನ್ನ ಗಂಟಲು ಕಟ್ಟುವುದಿಲ್ಲವೆಂಬುದು ಎಲ್ಲರಿಗೂ ಗೊತ್ತು. ಮಾತು ಚೆನ್ನಾಗಿಯೇ ಆಯಿತೆಂದು ನಾನೇ ಹೇಳಿಕೊಳ್ಳಬಾರದು, ಆದರೆ ಮೇಷ್ಟ್ರ ಮನೆಯವರು ಕಣ್ಣೊರೆಸಿಕೊಂಡರು, ಮುಖ್ಯೋಪಾಧ್ಯಾಯಿನಿಯವರು ಅದನ್ನೇ ಶಾಲೆಯ ಸಂಚಿಕೆಗೆ ಬರೆದುಕೊಡಿ ಎಂದರು. ಬರೆಯಲು ಕುಳಿತಾಗ ಮಾತ್ರ ಆ ದಿನ ಆಡಿದ್ದನ್ನು ಹಾಗೆಯೇ ಕಾಗದಕ್ಕೆ ಇಳಿಸಲು ಕೈ ಬರಲಿಲ್ಲ. ಅದಕ್ಕೆ ಕಾರಣ ಸಭೆಯ ಕೊನೆಯ ಸಾಲಿನಲ್ಲಿ ಕುಳಿತಿದ್ದ ನನ್ನ ಹಳೆಯ ಬೆಂಚಿನ ಗೆಳೆಯ.

ಅವನನ್ನು ನಾವು ‘ಲಾಗ್‌ಟೇಬಲ್’ ಎಂದು ಕರೆಯುತ್ತಿದ್ದೆವು. ಒಂಬತ್ತನೆಯ ತರಗತಿಯಲ್ಲಿ ಮೇಷ್ಟ್ರು ಒಂದು ದಿನ ಚದುರಂಗದ ಮಣೆಯ ಕತೆ ಹೇಳಿದರು. ಮೊದಲ ಮನೆಗೆ ಒಂದು ಕಾಳು, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ನಾಲ್ಕು, ಹೀಗೆ 64 ಮನೆ ತುಂಬಿದರೆ ಒಟ್ಟು ಕಾಳಿನ ಸಂಖ್ಯೆ ಬರೆಯಲು ಎಷ್ಟು ಅಂಕಿ ಬೇಕು ಎಂಬುದು ಅವರ ಪ್ರಶ್ನೆ. ನಾವೆಲ್ಲ ಎರಡರಿಂದ ಗುಣಿಸುತ್ತಾ ಪುಟ ತುಂಬಿಸತೊಡಗಿದೆವು. ನಾನು 65,536ಕ್ಕೆ ತಲುಪಿ ಉಸಿರು ಬಿಡುವ ಹೊತ್ತಿಗೆ ಪಕ್ಕದಿಂದ ‘ಇಪ್ಪತ್ತು ಸಾ’ ಎಂಬ ದನಿ ಕೇಳಿತು. ಎರಡರ ಲಾಗ್ 0.3010, ಅದನ್ನು 64ರಿಂದ ಗುಣಿಸಿದರೆ 19.264; ಆದ್ದರಿಂದ ಇಪ್ಪತ್ತು ಅಂಕಿ. ಲಾಗ್ ಪುಸ್ತಕ ಕೊಳ್ಳಲು ಅವನ ಮನೆಯಲ್ಲಿ ಕಾಸಿರಲಿಲ್ಲ. ಹಾಗಾಗಿ ಎರಡು, ಮೂರು, ಏಳರ ಲಾಗ್‌ಗಳನ್ನು ಯಾರದೋ ಪುಸ್ತಕದಿಂದ ಬಾಯಿಪಾಠ ಮಾಡಿಕೊಂಡು, ಐದರದ್ದನ್ನು ಒಂದರಿಂದ ಎರಡರ ಲಾಗನ್ನು ಕಳೆದು ಪಡೆದು, ಮಿಕ್ಕವನ್ನು ಕೂಡಿ ಕಳೆದು ಹೊಂದಿಸಿಕೊಳ್ಳುತ್ತಿದ್ದ. ಪುಸ್ತಕವಿದ್ದ ನಾವು ಪುಟ ತಿರುಗಿಸುವಷ್ಟರಲ್ಲಿ ಅವನ ಉತ್ತರ ಬಂದಿರುತ್ತಿತ್ತು. ಅವನನ್ನು ಕಂಡರೆ ನನಗೆ ಆಗುತ್ತಿದ್ದದ್ದು ಮೆಚ್ಚುಗೆಯೋ ಹೊಟ್ಟೆಕಿಚ್ಚೋ, ಆಗಲೂ ಬಿಡಿಸಿ ಹೇಳಲಾಗುತ್ತಿರಲಿಲ್ಲ, ಈಗಲೂ ಅಷ್ಟೆ. (ಹುಡುಗಿಯರ ಸಾಲಿನಲ್ಲಿ ಅವನಿಗಿಂತ ಜಾಣೆ ಒಬ್ಬಳಿದ್ದಳೆಂದು ಮೇಷ್ಟ್ರು ಹೇಳುತ್ತಿದ್ದರು. ಆಕೆಯ ಬಗ್ಗೆ ಬರೆಯುವ ಹಕ್ಕು ನನಗಿಲ್ಲ. ಮೂರು ವರ್ಷ ಒಂದೇ ಕೋಣೆಯಲ್ಲಿ ಕುಳಿತೂ ನಾವು ಒಂದು ಮಾತು ಆಡಿರಲಿಲ್ಲ, ಕಾಲ ಹಾಗಿತ್ತು.)

ಮೇಷ್ಟ್ರಿಗೆ ಕರಿಹಲಗೆಯ ಮೇಲೆ ಸರಿಯಾಗಿ ಒಂದು ವೃತ್ತ ಬರೆಯಲು ಬರುತ್ತಿರಲಿಲ್ಲ. ಅವರ ವೃತ್ತಗಳೆಲ್ಲ ಸೋರೆಕಾಯಿಯ ಕಡೆಗೆ ವಾಲುತ್ತಿದ್ದವು. ಆದರೆ ತಪ್ಪನ್ನು ಅಳಿಸಲು ಅವರು ಬಿಡುತ್ತಿರಲಿಲ್ಲ. ‘ಅಳಿಸಬೇಡ, ಒಂದು ಗೆರೆ ಎಳಿ. ತಪ್ಪು ಓದೋ ಹಂಗಿರಬೇಕು’ ಎನ್ನುತ್ತಿದ್ದರು. ಉತ್ತರ ಮೊದಲೇ ನೋಡಿಕೊಂಡು ನಡುವಿನ ಹೆಜ್ಜೆಗಳನ್ನು ಅದಕ್ಕೆ ತಕ್ಕಂತೆ ಬಗ್ಗಿಸಿದವನ ಕಿವಿ ಅಂದು ಕೆಂಪಾಗುತ್ತಿತ್ತು. ‘ಬರಬೇಕಾದ್ದನ್ನ ಬರೀಬೇಡ್ವೋ, ಬಂದದ್ದನ್ನ ಬರಿ.’ ಮೂರು ವರ್ಷದಲ್ಲಿ ಅವರು ಕಲಿಸಿದ ಪ್ರಮೇಯಗಳಲ್ಲಿ ನನಗೆ ಈಗ ನಾಲ್ಕೋ ಐದೋ ನೆನಪಿರಬಹುದು, ಈ ಮಾತು ಮಾತ್ರ ಅವರ ದನಿಯಲ್ಲೇ ಉಳಿದಿದೆ.

ನಮ್ಮ ತರಗತಿಗೆ ಮಂಗಳೂರು ಹೆಂಚಿನ ಮಾಡು. ಅಲ್ಲಲ್ಲಿ ಹೆಂಚು ಚೂರು ಮುಕ್ಕಾಗಿ, ಸಂದಿಗಳಿಂದ ಬಿಸಿಲು ನೆಲಕ್ಕೆ ಬೊಟ್ಟು ಬೊಟ್ಟಾಗಿ ಬೀಳುತ್ತಿತ್ತು. ಮಧ್ಯಾಹ್ನದ ಊಟ ಮುಗಿಸಿ ಬಂದು ಕನ್ನಡ ಪಂಡಿತರು ಕುಮಾರವ್ಯಾಸನನ್ನು ರಾಗವಾಗಿ ಓದುವಾಗ ಅರ್ಧ ತರಗತಿ ತೂಕಡಿಸುತ್ತಿತ್ತು. ಲಾಗ್‌ಟೇಬಲ್ ನೆಲ ನೋಡುತ್ತಿದ್ದ. ಒಂದು ದಿನ ಲೆಕ್ಕದ ತರಗತಿಯಲ್ಲಿ ಎದ್ದು ನಿಂತು ಕೇಳಿದ: ‘ಸಾ, ಹೆಂಚಿನ ತೂತು ಒಂದೊಂದು ಒಂದೊಂದು ಥರ ಐತೆ. ಮೂರು ಮೂಲೆ, ಉದ್ದ, ಸೊಟ್ಟ. ಬಿಸಿಲು ಬೊಟ್ಟು ಮಾತ್ರ ಎಲ್ಲಾ ಯಾಕೆ ದುಂಡಗೇ ಐತೆ?’ ಮೇಷ್ಟ್ರು ಮೇಲೆ ನೋಡಿದರು, ಕೆಳಗೆ ನೋಡಿದರು. ಬಹಳ ಹೊತ್ತು ಸುಮ್ಮನಿದ್ದು, ‘ಬೊಟ್ಟು ತೂತಿಂದಲ್ಲ ಕಣಯ್ಯ, ಸೂರ್ಯಂದು. ನಂಬಿಕೆ ಬರದಿದ್ರೆ ಗ್ರಹಣದ ತನಕ ಕಾಯಿ’ ಎಂದರು. ಸಣ್ಣ ತೂತು ತನ್ನ ಆಕಾರವನ್ನಲ್ಲ, ಸೂರ್ಯನ ಬಿಂಬವನ್ನೇ ನೆಲಕ್ಕೆ ಎರಚುತ್ತದೆಂಬುದು ಇಂದು ನನಗೆ ನಿದ್ದೆಯಲ್ಲೂ ಹೇಳಲು ಬರುವ ಪಾಠ. ಅಂದು ಅದು ಪವಾಡದಂತೆ ಕೇಳಿಸಿತ್ತು.

ಗ್ರಹಣದವರೆಗೆ ಕಾಯುವ ತಾಳ್ಮೆ ಅವನಿಗಿರಲಿಲ್ಲ. ಮಾರನೆಯ ದಿನ ನಾವಿಬ್ಬರೂ ಮಾವಿನಕಾಯಿ ಕೀಳುವ ದೋಟಿಗೆ ದಾರ ಕಟ್ಟಿ, ಹೆಂಚಿನ ತೂತಿನಿಂದ ಬೊಟ್ಟಿನವರೆಗೆ ಬಿಸಿಲಿನ ಓರೆಯಲ್ಲೇ ಎಳೆದು ಅಳೆದೆವು: 410 ಸೆಂಟಿಮೀಟರ್. ನೆಲದ ಮೇಲಿನ ಬೊಟ್ಟು ಓರೆಯಿಂದಾಗಿ ತುಸು ಉದ್ದವಾಗಿರುತ್ತದೆಂದು ಅವನೇ ಗಮನಿಸಿ, ಬಿಸಿಲಿಗೆ ಎದುರಾಗಿ ರಟ್ಟು ಹಿಡಿಸಿ ಅಡ್ಡಗಲ ಅಳೆದ: ಮೂರೂ ಮುಕ್ಕಾಲು ಸೆಂಟಿಮೀಟರ್. ಭಾಗಿಸಿದರೆ 109.3. ಅಂದರೆ ಸೂರ್ಯ ತನ್ನ ಅಡ್ಡಗಲದ ಅಷ್ಟು ಪಟ್ಟು ದೂರದಲ್ಲಿದ್ದಾನೆ. ಪಠ್ಯಪುಸ್ತಕದ ಪ್ರಕಾರ ದೂರ ಸುಮಾರು 15 ಕೋಟಿ ಕಿಲೋಮೀಟರ್, ಅಡ್ಡಗಲ ಸುಮಾರು 14 ಲಕ್ಷ. ಭಾಗಿಸಿದರೆ 107ರ ಆಸುಪಾಸು. ಒಂದು ದೋಟಿ, ಒಂದು ದಾರ, ಒಂದು ರಟ್ಟಿನಲ್ಲಿ ನಾವು ಅಷ್ಟು ಹತ್ತಿರ ಹೋಗಿದ್ದೆವು! ವಿಷಯ ತಿಳಿದ ಪಂಡಿತರು ‘ನೂರೆಂಟೇ ಇರಬೇಕು, ಅಷ್ಟೋತ್ತರ’ ಎಂದು ಕೈ ಮುಗಿದರು. ಎರಡು ಕಡೆಗೂ ಒಪ್ಪಿಗೆಯಾಗಲೆಂದು ನಾನು ನೋಟ್‌ಪುಸ್ತಕದಲ್ಲಿ 108 ಎಂದು ಬರೆದೆ. ಲಾಗ್‌ಟೇಬಲ್ ಪೆನ್ನು ಕಿತ್ತುಕೊಂಡು ಅದರ ಮೇಲೆ ಒಂದು ಗೆರೆ ಎಳೆದ.

ಗ್ರಹಣ ಬಂದದ್ದು 1980ರ ಫೆಬ್ರುವರಿ 16ರ ಶನಿವಾರ ಮಧ್ಯಾಹ್ನ. ಹುಬ್ಬಳ್ಳಿ, ರಾಯಚೂರಿನ ಕಡೆ ಪೂರ್ಣಗ್ರಹಣ. ವಿಜ್ಞಾನಿಗಳು ಅಲ್ಲಿ ಬೀಡುಬಿಟ್ಟಿದ್ದರು. ನಮ್ಮ ಮಂಡ್ಯದಲ್ಲಿ ಪಾರ್ಶ್ವಗ್ರಹಣವಾದರೂ ಸೂರ್ಯನ ಬಹುಪಾಲು ಮುಚ್ಚುವುದಿತ್ತು. ಅಷ್ಟು ನಿರ್ಜನವಾದ ಊರನ್ನು ನಾನು ಮತ್ತೆ ನೋಡಿಲ್ಲ. ಸಕ್ಕರೆ ಕಾರ್ಖಾನೆಗೆ ಹೊರಟ ಕಬ್ಬಿನ ಗಾಡಿಗಳು ಕೂಡ ರಸ್ತೆ ಬದಿ ನೊಗ ಇಳಿಸಿ ನಿಂತಿದ್ದವು, ಒಂದು ಜಲ್ಲೆ ಎಳೆಯಲೂ ಹುಡುಗರಿರಲಿಲ್ಲ. ನಮ್ಮ ಮನೆಯಲ್ಲಿ ಕಿಟಕಿಗಳಿಗೆಲ್ಲ ಗೋಣಿತಾಟು ಕಟ್ಟಿ, ನಡುಮನೆಯಲ್ಲಿ ಹಿತ್ತಾಳೆ ತಟ್ಟೆಗೆ ನೀರು ಹಾಕಿ ಒನಕೆ ನಿಲ್ಲಿಸಿದ್ದರು. ಗ್ರಹಣ ಹಿಡಿದಿರುವಷ್ಟು ಹೊತ್ತೂ ಅದು ತಾನಾಗಿಯೇ ನಿಲ್ಲುತ್ತದೆಂದು ಅಜ್ಜಿಯ ನಂಬಿಕೆ. ಎಲ್ಲರೂ ಒನಕೆಯನ್ನು ನೋಡುತ್ತಿದ್ದಾಗ ನಾನು ಹಿತ್ತಿಲ ಬಾಗಿಲಿನಿಂದ ಜಾರಿಕೊಂಡೆ.

ಶಾಲೆಗೆ ಬೀಗ. ನಾವು ನಾಲ್ವರು, ಸಡಿಲವಾಗಿದ್ದ ಕಿಟಕಿ ಸರಳೊಂದನ್ನು ಅಲುಗಾಡಿಸಿ ಕಿತ್ತು, ತರಗತಿಯೊಳಗೆ ಇಳಿದೆವು. ಬಾಗಿಲು, ಕಿಟಕಿ ಮುಚ್ಚಿದ ಕತ್ತಲೆ ಕೋಣೆಯಲ್ಲಿ ಮೊದಲು ಎಂದಿನಂತೆ ದುಂಡು ಬೊಟ್ಟುಗಳೇ ಇದ್ದವು. ನಂತರ ಒಂದೊಂದು ಬೊಟ್ಟನ್ನೂ ಯಾರೋ ಅಂಚಿನಲ್ಲಿ ಕಚ್ಚಿದಂತಾಯಿತು. ಮೂರೂವರೆಯ ಹೊತ್ತಿಗೆ ನೆಲದ ಮೇಲೆ, ಬೆಂಚುಗಳ ಮೇಲೆ, ನಮ್ಮ ಅಂಗಿಗಳ ಮೇಲೆ, ಗೋಡೆಯ ಮೇಲೆ, ಎಲ್ಲಿ ನೋಡಿದರಲ್ಲಿ ಬಿದಿಗೆಯ ಚಂದ್ರನಂಥ ಕುಡುಗೋಲುಗಳು. ಮೂರು ಮೂಲೆಯ ತೂತಿಗೂ ಕುಡುಗೋಲು, ಸೊಟ್ಟ ತೂತಿಗೂ ಕುಡುಗೋಲು. ಲಾಗ್‌ಟೇಬಲ್ ಕಿರುಚಲಿಲ್ಲ, ಕುಣಿಯಲಿಲ್ಲ. ಸುಣ್ಣದ ಗೋಡೆಯ ಮೇಲೆ ಬಿದ್ದಿದ್ದ ಒಂದು ಬಿಂಬವನ್ನು ಹತ್ತು ಹತ್ತು ನಿಮಿಷಕ್ಕೊಮ್ಮೆ ಪೆನ್ಸಿಲಿನಿಂದ ಸುತ್ತ ಗೆರೆ ಎಳೆದು ಗುರುತು ಮಾಡುತ್ತಾ ಹೋದ. ಸೂರ್ಯ ಸರಿದಂತೆ ಬಿಂಬವೂ ಸರಿಯುತ್ತಿದ್ದುದರಿಂದ ಗುರುತುಗಳು ತಾವಾಗಿ ಸಾಲಾಗಿ ನಿಂತವು.

ಆಗ ಬೀಗ ತೆರೆದ ಸದ್ದಾಯಿತು. ಒಳಗೆ ಬಂದವರು ಮೇಷ್ಟ್ರು. ನಮ್ಮನ್ನು ಹಿಡಿಯಲು ಬಂದವರಲ್ಲ, ಅವರೂ ಅದನ್ನೇ ನೋಡಲು ಬಂದಿದ್ದರು. ಅವರ ಕೈಯಲ್ಲೂ ಒಂದು ಪೆನ್ಸಿಲಿತ್ತು. ನಮ್ಮ ನಾಲ್ವರನ್ನೂ ಕಿತ್ತ ಸರಳನ್ನೂ ನೋಡಿದರು. ಏನೂ ಹೇಳದೆ ಗೋಡೆಯ ಹತ್ತಿರ ಹೋಗಿ, ‘ಆಕಾಶದಲ್ಲಿ ಯಾವ ಕಡೆ ಮುಚ್ಚಿದೆ, ಇಲ್ಲಿ ಯಾವ ಕಡೆ ಮುಚ್ಚಿದೆ?’ ಎಂದು ಕೇಳಿದರು. ಬಿಂಬ ತಲೆಕೆಳಗಾಗಿದೆಯೆಂದು ಅಷ್ಟು ಹೊತ್ತಿಗೆ ಲಾಗ್‌ಟೇಬಲ್‌ಗೆ ಗೊತ್ತಾಗಿತ್ತು. ಸೋಮವಾರ ಸರಳಿಗೆಂದು ತಲಾ ಎರಡು ಏಟು ಬಿದ್ದವು, ಮತ್ತು ಏಟು ತಿಂದ ಕೈಯಲ್ಲೇ ಸೀಮೆಸುಣ್ಣ ಹಿಡಿದು ಅವನು ಇಡೀ ತರಗತಿಗೆ ಪಾಠ ಮಾಡಬೇಕಾಯಿತು. ಸರಳಿನ ಲೆಕ್ಕ ಬೇರೆ, ಗ್ರಹಣದ ಲೆಕ್ಕ ಬೇರೆ ಎಂದರು ಮೇಷ್ಟ್ರು. ಅವರು ನಿವೃತ್ತರಾಗುವ ತನಕ ಆ ಗೋಡೆಯ ಒಂದು ಮೊಳ ಜಾಗಕ್ಕೆ ಸುಣ್ಣ ಹೊಡೆಯಲು ಬಿಡಲಿಲ್ಲವಂತೆ.

ಪಿಯುಸಿಯಲ್ಲೂ ನಾವು ಜೊತೆಗಿದ್ದೆವು. ಎರಡನೆಯ ವರ್ಷದ ಪರೀಕ್ಷೆ ಮುಗಿದ ತಿಂಗಳಲ್ಲೇ ಅವನ ತಂದೆ ತೀರಿಕೊಂಡರು. ನಾಲೆಯ ಕೊನೆಯ ಭಾಗದಲ್ಲಿ ಎರಡೂವರೆ ಎಕರೆ ಗದ್ದೆ, ಮದುವೆಯಾಗಬೇಕಾದ ಇಬ್ಬರು ತಂಗಿಯರು. ಫಲಿತಾಂಶದಲ್ಲಿ ನನಗಿಂತ 41 ಅಂಕ ಹೆಚ್ಚು ಬಂದಿದ್ದವನು ಊರಿಗೆ ಹೋದ, ನಾನು ಮೈಸೂರಿಗೆ ಹೋದೆ.

1982ರಲ್ಲಿ ಯುವರಾಜ ಕಾಲೇಜಿಗೆ ಸೇರಿದಾಗ ಗೋಕಾಕ್ ಚಳವಳಿಯ ಘೋಷಣೆಗಳು ಗೋಡೆಗಳ ಮೇಲೆ ಇನ್ನೂ ಮಾಸಿರಲಿಲ್ಲ. ಆ ಮೂರು ವರ್ಷಗಳ ಬಗ್ಗೆ ಹೇಳಬೇಕಾದದ್ದು ಹೆಚ್ಚಿಲ್ಲ. ಮಹಾರಾಜ ಕಾಲೇಜಿನಿಂದ 1921ರಲ್ಲಿ ಕಲ್ಕತ್ತೆಗೆ ಹೊರಟ ರಾಧಾಕೃಷ್ಣನ್ ಅವರ ಸಾರೋಟನ್ನು ವಿದ್ಯಾರ್ಥಿಗಳೇ ರೈಲ್ವೆ ನಿಲ್ದಾಣದವರೆಗೆ ಎಳೆದರೆಂಬ ಕತೆಯನ್ನು ಮೈಸೂರಿನಲ್ಲಿ ಓದಿದ ಪ್ರತಿಯೊಬ್ಬನೂ ಹತ್ತು ಸಲ ಕೇಳಿರುತ್ತಾನೆ. ಕೇಳಿದಾಗಲೆಲ್ಲ ನನಗೆ ನಮ್ಮ ಮೇಷ್ಟ್ರ ಸೈಕಲ್ ನೆನಪಾಗುತ್ತಿತ್ತು. ಮುಂದೆ ಅವರು ನಿವೃತ್ತರಾದ ದಿನ ಅದು ಪಂಕ್ಚರ್ ಆಗಿ, ಹಾರ ತುರಾಯಿ ಸಮೇತ ಅದನ್ನು ಮನೆಯವರೆಗೆ ತಳ್ಳಿಕೊಂಡು ಹೋದವನು ಲಾಗ್‌ಟೇಬಲ್. ನಾನು ಆ ದಿನ ಹೋಗಿರಲಿಲ್ಲ.

ಎಂ.ಎಸ್ಸಿ.ಗೆ ಮಾನಸಗಂಗೋತ್ರಿ ಸೇರಿದ ಮೇಲೆ, 1986ರ ಮಾರ್ಚಿನಲ್ಲಿ ಅವನು ಒಮ್ಮೆ ಹಾಸ್ಟೆಲ್‌ಗೆ ಬಂದ. ಕೈಯಲ್ಲಿ ಆಲೆಮನೆಯಿಂದ ತಂದ ಎರಡು ಅಚ್ಚು ಬೆಲ್ಲ. ಹ್ಯಾಲಿ ಧೂಮಕೇತುವನ್ನು ಊರಿನಲ್ಲಿ ಒಬ್ಬನೇ ನೋಡಿದ್ದನಂತೆ, ‘ನಿನ್ ಜೊತೆ ಒಂದ್ಸಲ ನೋಡನಾ ಅಂತ ಬಂದೆ’ ಎಂದ. ಬೆಳಗಿನ ಜಾವ ನಾಲ್ಕೂವರೆಗೆ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ನಿಂತೆವು. ಆಗ್ನೇಯದಲ್ಲಿ, ಚಾಮುಂಡಿ ಬೆಟ್ಟದ ದಿಕ್ಕಿಗೆ, ಕರಿಹಲಗೆಯ ಮೇಲೆ ಒದ್ದೆ ಬಟ್ಟೆ ಆಡಿಸಿದಾಗ ಉಳಿಯುವ ಸುಣ್ಣದಂತೆ ಒಂದು ಮಸುಕು ಕಂಡಿತು. ಅದರ ಸುತ್ತು 76 ವರ್ಷದ್ದು, ಮತ್ತೆ ಬರುವುದು 2061ಕ್ಕೆ ಎಂದೆ, ದೊಡ್ಡ ತಿಳಿವಳಿಕೆಯವನಂತೆ. ‘ಆಗ ನಮ್ಗೆ ತೊಂಬತ್ತೇಳು’ ಎಂದು ಅವನು ನಕ್ಕ. ಅಂದು ಹಗಲೆಲ್ಲ ಅವನು ವಿಶ್ವವಿದ್ಯಾನಿಲಯದ ಗ್ರಂಥಾಲಯದಲ್ಲಿ ಕುಳಿತು ನನ್ನ ಕಾರ್ಡಿನ ಮೇಲೆ ಓದಿದ; ಸಂಜೆ ಬಸ್ಸು ಹತ್ತುವ ಮುನ್ನ ನನ್ನ ಪಠ್ಯಪುಸ್ತಕದ ಒಂದು ಲೆಕ್ಕದ ಉತ್ತರ ತಪ್ಪು ಅಚ್ಚಾಗಿದೆಯೆಂದು ತೋರಿಸಿಕೊಟ್ಟ. ನಾನು ಆ ಲೆಕ್ಕವನ್ನು ಉತ್ತರಕ್ಕೆ ತಕ್ಕಂತೆ ಬಗ್ಗಿಸಿ ಬಿಡಿಸಿದ್ದೆ.

ಎರಡು ವರ್ಷದ ನಂತರ ಉಪನ್ಯಾಸಕ ಹುದ್ದೆಯ ಸಂದರ್ಶನದಲ್ಲಿ, ಭೌತಶಾಸ್ತ್ರದ ಕಡೆಗೆ ಮನಸ್ಸು ಹೇಗೆ ತಿರುಗಿತು ಎಂದು ಕೇಳಿದರು. ಬಿಸಿಲ ಬೊಟ್ಟಿನ ಪ್ರಶ್ನೆಯನ್ನು ಒಂಬತ್ತನೆಯ ತರಗತಿಯಲ್ಲಿ ನಾನು ಕೇಳಿದೆ ಎಂದು ಹೇಳಿದೆ. ಯೋಚಿಸಿ ಹೇಳಿದ್ದಲ್ಲ, ಬಾಯಿಂದ ಹಾಗೆ ಬಂತು. ಸಮಿತಿಯವರು ಮುಗುಳ್ನಕ್ಕರು, ಕೆಲಸ ಸಿಕ್ಕಿತು. ಆಮೇಲೆ ಪ್ರತಿ ವರ್ಷದ ಮೊದಲ ಪಾಠದಲ್ಲಿ, ತರಬೇತಿ ಶಿಬಿರಗಳಲ್ಲಿ, ವಿಜ್ಞಾನ ದಿನದ ಭಾಷಣಗಳಲ್ಲಿ ಅದೇ ಕತೆ. ಹೇಳಿ ಹೇಳಿ, ಎದ್ದು ನಿಂತ ಹುಡುಗನ ಮುಖ ನನ್ನದೇ ಆಗಿಹೋಗಿತ್ತು.

ಈಗಿನ ಶಾಲೆಗಳ ಬಗ್ಗೆ ಗೊಣಗುವುದು ನನ್ನ ವಯಸ್ಸಿನವರ ಹಕ್ಕು, ಹಾಗಾಗಿ ಒಂದೇ ಮಾತು. 2019ರ ಡಿಸೆಂಬರ್ 26ರಂದು ಕೊಡಗಿನಲ್ಲಿ ಕಂಕಣಗ್ರಹಣವಾದಾಗ ಮೈಸೂರಿನ ನಮ್ಮ ಬೀದಿಯ ಮಕ್ಕಳು ಬಾಗಿಲು ಹಾಕಿಕೊಂಡು ಅದನ್ನು ಟಿವಿಯಲ್ಲಿ ನೋಡುತ್ತಿದ್ದರು. ನಮ್ಮ ಹೊಂಗೆಮರದ ಕೆಳಗೆ ರಸ್ತೆಯ ತುಂಬ ಕುಡುಗೋಲುಗಳು ಬಿದ್ದಿದ್ದವು. ಕರೆದೆ. ಇಬ್ಬರು ಬಂದರು, ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡು ಒಳಗೆ ಹೋದರು. ಯಾಕೆ ಹೀಗೆ ಎಂದು ಒಬ್ಬರೂ ಕೇಳಲಿಲ್ಲ. ನಮ್ಮ ಶಾಲೆಗೂ ಈಗ ತಾರಸಿಯಾಗಿದೆ, ಸೋರುವುದಿಲ್ಲ. ಅದು ಬೇಡವೆನ್ನಲು ನಾನು ಯಾರು?

ಶ್ರದ್ಧಾಂಜಲಿ ಸಭೆಯಲ್ಲೂ ನಾನು ಅದೇ ಕತೆಯನ್ನು ಅದೇ ರೀತಿ ಹೇಳಿದೆ. ಅರ್ಧ ಹೇಳುವಾಗ ಕೊನೆಯ ಸಾಲಿನಲ್ಲಿ, ಹೆಗಲ ಮೇಲೆ ಟವೆಲ್ ಹಾಕಿಕೊಂಡು ಕುಳಿತಿದ್ದ ಅವನನ್ನು ಕಂಡೆ. ನಿಲ್ಲಿಸಬಹುದಿತ್ತು, ನಿಲ್ಲಿಸಲಿಲ್ಲ. ಸಭೆ ಮುಗಿದ ಮೇಲೆ ಎಲ್ಲರ ಎದುರು ಅವನು ‘ಚೆನ್ನಾಗ್ ಮಾತಾಡಿದ್ರಿ ಸಾ’ ಎಂದು ಕೈ ಮುಗಿದ. ಆ ‘ಸಾ’ ನನ್ನನ್ನು ಚುಚ್ಚಿದಷ್ಟು ಇನ್ನೇನೂ ಚುಚ್ಚಿಲ್ಲ. ಹೊರಗೆ, ಮೊಪೆಡ್ ನಿಲ್ಲಿಸಿದ್ದ ಬೇವಿನಮರದ ಹತ್ತಿರ ನಾವಿಬ್ಬರೇ ಆದಾಗ ಅವನ ದನಿ ಹಳೆಯ ದನಿಯಾಯಿತು.

‘ಲೇ, ನೂರೆಂಟು ಅಂದ್ಯಲ್ಲೋ. ನಮ್ಗೆ ಬಂದದ್ದು ನೂರಾ ಒಂಬತ್ತು ಪಾಯಿಂಟ್ ಮೂರು ಕಣ್ಲಾ. ಮೇಷ್ಟ್ರು ಇದ್ದಿದ್ರೆ ಗೆರೆ ಎಳೆಸ್ತಿದ್ರು.’

ಹೌದು, ಭಾಷಣದ ಓಟಕ್ಕೆ ಚೆಂದ ಕಾಣಲೆಂದು ಅಷ್ಟೋತ್ತರವನ್ನು ತಂದು ಹಾಕಿದ್ದೆ. ಅದಲ್ಲ ಕಣೋ, ಪ್ರಶ್ನೆ ಕೇಳಿದವನು ನೀನು ಎಂದು ನಾನು ಶುರು ಮಾಡುವಷ್ಟರಲ್ಲಿ ಅವನು ಗಡಿಯಾರ ನೋಡಿಕೊಂಡ. ನಾಲೆಗೆ ಕಟ್ಟು ಪದ್ಧತಿಯಲ್ಲಿ ನೀರು ಬಿಟ್ಟಿದ್ದರು, ಅಂದು ಸಂಜೆ ಆರರಿಂದ ಅವನ ಗದ್ದೆಯ ಸರದಿ. ‘ಹೊತ್ತಾಯ್ತು, ತೂಬಿನ ಹತ್ರ ಇರ್ಬೇಕು’ ಎಂದು ಮೊಪೆಡ್ ತುಳಿದು ಹೊರಟುಹೋದ.